ಟ್ರೇಲರ್‌ಗೆ ಎಲೆಕ್ಟ್ರಿಕ್ ಬ್ರೇಕ್ ಕಂಟ್ರೋಲರ್: ಆರಿಸುವುದರಿಂದ ಸೆಟ್ ಮಾಡುವವರೆಗೆ

ಯೊಸೆಮಿಟಿಗೋ ಯೆಲ್ಲೋಸ್ಟೋನ್‌ಗೋ ಹೋಗಲು ಕ್ಯಾಂಪಿಂಗ್ ಟ್ರೇಲರ್ ಕೊಂಡ ಗೆಳೆಯರು ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: ಯಾವ ಬ್ರೇಕ್ ಕಂಟ್ರೋಲರ್ ತೊಗೊಳ್ಳಲಿ? ಒಂದು ಹೆಸರು ಹೇಳಿಬಿಡುವುದು ಸುಲಭ. ಆದರೆ ನಾನು ಮೊದಲು ಎರಡು ಪ್ರಶ್ನೆ ತಿರುಗಿ ಕೇಳುತ್ತೇನೆ. ನಿಮ್ಮ ಟ್ರೇಲರ್ ಚಕ್ರದ ಹಿಂದೆ ಏನಿದೆ? ನಿಮ್ಮ ಕಾರಿನ ಸ್ಟಿಯರಿಂಗ್ ಕೆಳಗೆ ಏನಿದೆ? ಇವೆರಡು ಗೊತ್ತಾದರೆ ಅಂಗಡಿಯಲ್ಲಿರುವ ಡಬ್ಬಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ.

ಇಲ್ಲಿ ಬರೆದಿರುವುದು ಹೆಚ್ಚಾಗಿ ಅಮೆರಿಕದಲ್ಲಿ ಎಸ್‌ಯುವಿ ಅಥವಾ ಪಿಕಪ್ ಹಿಂದೆ ಟ್ರೇಲರ್ ಎಳೆಯುವವರಿಗೆ. ಆಸ್ಟ್ರೇಲಿಯಾದಲ್ಲಿರುವವರಿಗೂ ಮಧ್ಯೆ ಒಂದೆರಡು ಮಾತಿದೆ.

ಈ ಪೆಟ್ಟಿಗೆ ಮಾಡುವ ಕೆಲಸ

ಎಲೆಕ್ಟ್ರಿಕ್ ಬ್ರೇಕ್ ಇರುವ ಟ್ರೇಲರ್‌ನಲ್ಲಿ ಪ್ರತಿ ಡ್ರಮ್ಮಿನ (ಚಕ್ರದ ಜೊತೆ ತಿರುಗುವ ಲೋಹದ ಬಟ್ಟಲು) ಒಳಗೂ ಒಂದು ವಿದ್ಯುತ್ ಅಯಸ್ಕಾಂತ ಇರುತ್ತದೆ. ಕರೆಂಟ್ ಬಂದಾಗ ಅದು ತಿರುಗುತ್ತಿರುವ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಡ್ರಮ್ ಅದನ್ನು ತನ್ನ ಜೊತೆ ಎಳೆಯುತ್ತದೆ. ಆ ಎಳೆತಕ್ಕೆ ಒಂದು ತೋಳು ತಿರುಗಿ, ಡ್ರಮ್ಮಿಗೆ ಒಳಗಿನಿಂದ ಉಜ್ಜಿ ಹಿಡಿಯುವ ಬ್ರೇಕ್ ಶೂಗಳನ್ನು ಅಗಲಿಸುತ್ತದೆ. ಕರೆಂಟ್ ಜಾಸ್ತಿ ಆದಷ್ಟೂ ಹಿಡಿತ ಜಾಸ್ತಿ. ಎಷ್ಟು ಕರೆಂಟ್ ಕಳಿಸಬೇಕು, ಯಾವಾಗ ಕಳಿಸಬೇಕು ಎಂದು ತೀರ್ಮಾನಿಸುವುದೇ ಕಂಟ್ರೋಲರ್.

ಇಳಿಜಾರಿನಲ್ಲಿ ಹೇರು ತುಂಬಿದ ಗಾಡಿ ಎತ್ತುಗಳ ಮೇಲೆ ನುಗ್ಗುತ್ತದಲ್ಲ, ಬ್ರೇಕ್ ಇಲ್ಲದ ಟ್ರೇಲರ್ ಮಾಡುವುದೂ ಅದನ್ನೇ. 4,500 ಪೌಂಡ್ ಕಾರಿನ ಹಿಂದೆ 4,000 ಪೌಂಡ್ ಟ್ರೇಲರ್ ಇದ್ದರೆ ಕಾರಿನ ಬ್ರೇಕು ಹೆಚ್ಚುಕಡಿಮೆ ಎರಡರಷ್ಟು ತೂಕ ನಿಲ್ಲಿಸಬೇಕು. ಅದಕ್ಕೇ ಎಷ್ಟೋ ಕಾರುಗಳ ಮ್ಯಾನ್ಯುಯಲ್‌ನಲ್ಲಿ ಟ್ರೇಲರ್ 1,000 ಪೌಂಡ್ ದಾಟಿದರೇ ಬ್ರೇಕ್ ಬೇಕು ಎಂದು ಬರೆದಿರುತ್ತಾರೆ. 5,000 ಪೌಂಡ್ ಎಳೆಯಬಹುದು ಎಂಬ ಜಾಹೀರಾತಿನ ಸಂಖ್ಯೆ ನೋಡಿ ಸುಮ್ಮನಾಗಬೇಡಿ. ಅದು ಬ್ರೇಕ್ ಇರುವ ಟ್ರೇಲರ್‌ಗೆ ಹೇಳಿದ ಮಾತು.

ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಪ್ ಟ್ರೇಲರ್‌ನ ಒಟ್ಟು ತೂಕ 1,500 ಪೌಂಡ್ ಮುಟ್ಟಿದರೆ ಬ್ರೇಕ್ ಇರಲೇಬೇಕು. ಬೇರೆ ಸಾಮಾನ್ಯ ಟ್ರೇಲರ್‌ಗಳಿಗೆ ಈ ಮಿತಿ 3,000. ಟೆಕ್ಸಸ್‌ನಲ್ಲಿ 4,500 ಪೌಂಡ್‌ವರೆಗೆ ವಿನಾಯಿತಿ ಇದೆ. ಡಲ್ಲಾಸ್‌ನಿಂದ ಹೊರಟು ಬೇರೆ ರಾಜ್ಯಗಳನ್ನು ದಾಟುವವರು ದಾರಿಯಲ್ಲಿ ಎಲ್ಲಿ ನಿಯಮ ಬಿಗಿಯೋ ಅದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಆಸ್ಟ್ರೇಲಿಯಾದಲ್ಲಿ 750 ಕಿಲೋವರೆಗೆ ಬ್ರೇಕ್ ಕಡ್ಡಾಯವಲ್ಲ. ಅದಕ್ಕಿಂತ ಮೇಲೆ ಬೇಕು. 2,000 ಕಿಲೋ ದಾಟಿದರೆ ಎಲ್ಲ ಚಕ್ರಗಳಿಗೂ ಬ್ರೇಕ್ ಬೇಕು, ಜೊತೆಗೆ ಬ್ರೇಕ್‌ಅವೇ ವ್ಯವಸ್ಥೆಯೂ (ಕೊಂಡಿ ಕಳಚಿದರೆ ಟ್ರೇಲರ್ ತಾನೇ ಬ್ರೇಕ್ ಹಾಕಿಕೊಳ್ಳುವಂಥದ್ದು) ಬೇಕು.

ಹಂತ 1: ಟ್ರೇಲರ್ ಕೆಳಗೆ ಬಗ್ಗಿ ನೋಡಿ

ಮೊದಲು ಚಕ್ರದ ಒಳಬದಿ. ಬ್ರೇಕಿನ ತಟ್ಟೆಯ ಹಿಂಭಾಗದಿಂದ ಎರಡು ಸಣ್ಣ ವೈರ್ ಹೊರಗೆ ಬಂದಿದ್ದರೆ ಅದು ಎಲೆಕ್ಟ್ರಿಕ್ ಬ್ರೇಕ್. ವೈರ್ ಬದಲು ಲೋಹದ ಸಣ್ಣ ಪೈಪ್ ಬಂದಿದ್ದರೆ ಅದು ಹೈಡ್ರಾಲಿಕ್.

ಹೈಡ್ರಾಲಿಕ್‌ನಲ್ಲಿ ಎರಡು ಬಗೆ. ಒಂದು ಸರ್ಜ್ ಬ್ರೇಕ್. ಕಾರು ನಿಧಾನವಾದಾಗ ಟ್ರೇಲರ್ ಮುಂದಕ್ಕೆ ಒತ್ತುತ್ತದೆ, ಆ ಒತ್ತಡದಿಂದಲೇ ಅದು ಕೆಲಸ ಮಾಡುತ್ತದೆ. ದೋಣಿಯ ಟ್ರೇಲರ್‌ಗಳಲ್ಲಿ, ಯು-ಹಾಲ್ ಬಾಡಿಗೆಗೆ ಕೊಡುವ ದೊಡ್ಡ ಟ್ರೇಲರ್‌ಗಳಲ್ಲಿ ಇದನ್ನೇ ನೋಡುತ್ತೀರಿ. ಇದಕ್ಕೆ ಕಂಟ್ರೋಲರ್ ಬೇಕಾಗಿಲ್ಲ. ಹಣ ಉಳಿಯಿತು, ಇಲ್ಲಿಗೇ ನಿಲ್ಲಿಸಬಹುದು. ಇನ್ನೊಂದು ಎಲೆಕ್ಟ್ರಿಕ್ ಓವರ್ ಹೈಡ್ರಾಲಿಕ್. ಟ್ರೇಲರ್ ಮೇಲೆ ಒಂದು ಪಂಪ್ ಇರುತ್ತದೆ. ಕಾರಿನಿಂದ ಬರುವ ವಿದ್ಯುತ್ ಸೂಚನೆ ಹಿಡಿದು ಅದು ಡಿಸ್ಕ್ ಬ್ರೇಕ್ ಒತ್ತುತ್ತದೆ. ಇದಕ್ಕೆ ಕಂಟ್ರೋಲರ್ ಬೇಕೇ ಬೇಕು. ಆದರೆ ಎಲ್ಲ ಕಂಟ್ರೋಲರ್‌ಗಳೂ ಇದಕ್ಕೆ ಹೊಂದುವುದಿಲ್ಲ. ಟೆಕಾನ್ಷಾ ಪ್ರಾಡಿಜಿ ಪಿ3ಯಂಥವುಗಳಲ್ಲಿ ಇದಕ್ಕೇ ಬೇರೆ ಮೋಡ್ ಇದೆ. ಡಬ್ಬದ ಮೇಲೆ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಕೊಳ್ಳಬೇಡಿ.

ಎಲೆಕ್ಟ್ರಿಕ್ ಬ್ರೇಕೇ ಇದ್ದರೆ ಅಯಸ್ಕಾಂತ ಎಷ್ಟು ಎಂದು ಎಣಿಸಿ. ಒಂದು ಆಕ್ಸಲ್‌ಗೆ (ಎರಡು ಬದಿಯ ಚಕ್ರ ಜೋಡಿಸುವ ಅಚ್ಚು) ಎರಡು. 10 ಅಥವಾ 12 ಇಂಚಿನ ಡ್ರಮ್ ಆದರೆ ಪ್ರತಿಯೊಂದೂ ಸುಮಾರು 3 ಆಂಪಿಯರ್ ಎಳೆಯುತ್ತದೆ. ಅಂದರೆ ಒಂದು ಆಕ್ಸಲ್‌ಗೆ 6, ಎರಡು ಆಕ್ಸಲ್‌ಗೆ 12, ಮೂರಕ್ಕೆ 18. ಕಂಟ್ರೋಲರ್ ಇಷ್ಟು ಕೊಡಬಲ್ಲದೇ ಎಂಬುದು ಮೊದಲ ಸೋಸುವಿಕೆ. ಸಾಮಾನ್ಯ ಕುಟುಂಬದ ಟ್ರೇಲರ್ ಒಂದೋ ಎರಡೋ ಆಕ್ಸಲ್‌ನದು, ಹಾಗಾಗಿ ಮಾರುಕಟ್ಟೆಯ ಬಹುತೇಕ ಎಲ್ಲವೂ ಪಾಸಾಗುತ್ತವೆ. ಮೂರು ಆಕ್ಸಲ್‌ನವರು ಮಾತ್ರ ಇಲ್ಲಿ ಎಚ್ಚರ ವಹಿಸಬೇಕು.

ಹಂತ 2: ಕಾರಿನಲ್ಲಿ ಏನಿದೆ?

ಹಿಂದಿನ ಬಂಪರ್ ಹತ್ತಿರ ನೋಡಿ. ಚಪ್ಪಟೆಯ ನಾಲ್ಕು ಪಿನ್ ಪ್ಲಗ್ ಮಾತ್ರ ಇದ್ದರೆ ಅದರಲ್ಲಿ ದೀಪಗಳ ವೈರ್ ಅಷ್ಟೇ ಇರುತ್ತದೆ, ಬ್ರೇಕಿನದು ಇಲ್ಲ. ನಿಮಗೆ ಬೇಕಾದ್ದು ದುಂಡಗಿನ ಏಳು ಪಿನ್ ಸಾಕೆಟ್. ಅದರಲ್ಲಿ ನೀಲಿ ವೈರ್ ಬ್ರೇಕಿನದು, ಬಿಳಿ ಗ್ರೌಂಡ್, ಕಪ್ಪು 12 ವೋಲ್ಟ್ ಪವರ್.

ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಏಳು ಪಿನ್ ಸಾಕೆಟ್ ಕಂಡ ಮಾತ್ರಕ್ಕೆ ಏಳು ವೈರೂ ಜೀವಂತ ಇದೆ ಎಂದಲ್ಲ. ಯಾರೋ ನಾಲ್ಕು ಪಿನ್‌ಗೆ ಅಡಾಪ್ಟರ್ ಹಾಕಿ ಏಳು ಪಿನ್ ಮುಖ ಕೂರಿಸಿರಬಹುದು. ಕೆಲವು ಕಾರುಗಳಲ್ಲಿ ಕಪ್ಪು ವೈರಿನ ಫ್ಯೂಸನ್ನೋ ರಿಲೇಯನ್ನೋ ಹಾಕದೆ ಕೊಟ್ಟಿರುತ್ತಾರೆ. ಒಂದು ಟೆಸ್ಟ್ ಲೈಟ್ ತೊಗೊಂಡು ಆ ಪಿನ್‌ನಲ್ಲಿ ಪವರ್ ಬರುತ್ತಿದೆಯೇ ಎಂದು ನೋಡಿ. ಸೆಕೆಂಡ್ ಹ್ಯಾಂಡ್ ಕಾರಾದರೆ ಈ ಪರೀಕ್ಷೆ ಬಿಡಲೇಬೇಡಿ.

ಆಮೇಲೆ ಡ್ರೈವರ್ ಸೀಟಿನ ಮುಂದೆ, ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಟೋ ಪ್ಯಾಕೇಜ್ (ಟ್ರೇಲರ್ ಎಳೆಯಲು ಕಂಪನಿಯೇ ಕೂರಿಸಿ ಕೊಡುವ ಸಲಕರಣೆ) ಜೊತೆ ಬಂದ ಎಷ್ಟೋ ಪಿಕಪ್ ಮತ್ತು ಎಸ್‌ಯುವಿಗಳಲ್ಲಿ ಅಲ್ಲೊಂದು ಖಾಲಿ ಪ್ಲಗ್ ಇರುತ್ತದೆ. ಅದಿದ್ದರೆ ನಿಮ್ಮ ಕಾರಿನ ಮಾಡೆಲ್‌ಗೇ ಮಾಡಿದ ಹಾರ್ನೆಸ್ (ತುದಿಗೆ ಪ್ಲಗ್ ಇರುವ ವೈರಿನ ಕಟ್ಟು) ತಂದು ಚುಚ್ಚಿದರೆ ಮುಗಿಯಿತು, ವೈರ್ ಕತ್ತರಿಸುವ ಕೆಲಸವೇ ಇಲ್ಲ. ಕಾರಿನ ಮ್ಯಾನ್ಯುಯಲ್‌ನ ಟೋಯಿಂಗ್ ಅಧ್ಯಾಯದಲ್ಲಿ ಇದರ ಜಾಗ ಬರೆದಿರುತ್ತಾರೆ.

ಇನ್ನು ಫೋರ್ಡ್ ಎಫ್-150, ಷೆವ್ರೊಲೆ ಸಿಲ್ವರಾಡೊ, ರ್‍ಯಾಮ್‌ನಂಥ ಪಿಕಪ್‌ಗಳಲ್ಲಿ ಕಂಪನಿಯೇ ಕೂರಿಸಿದ ಕಂಟ್ರೋಲರ್ ಇರಬಹುದು. ಡ್ಯಾಶ್ ಮೇಲೆ ಎರಡು ಬೆರಳಿನಿಂದ ಹಿಸುಕುವ ಸಣ್ಣ ಲಿವರ್, ಪಕ್ಕದಲ್ಲಿ ಪ್ಲಸ್ ಮೈನಸ್ ಗುಂಡಿ ಕಂಡರೆ ಅದೇ. ಹೊಸ ಗಾಡಿ ಕೊಳ್ಳುವವರಿಗೆ ನನ್ನ ಸಲಹೆ ಒಂದೇ: ಆ ಆಯ್ಕೆ ಸಿಕ್ಕರೆ ಕಣ್ಣು ಮುಚ್ಚಿ ತೊಗೊಳ್ಳಿ. ಅದು ಗಾಡಿಯ ಬ್ರೇಕ್ ವ್ಯವಸ್ಥೆಯ ಜೊತೆಗೇ ಮಾತಾಡುತ್ತದೆ. ಪೆಡಲ್ ಎಷ್ಟು ಒತ್ತಿದ್ದೀರಿ, ಎಬಿಎಸ್ (ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುತ್ತಿದೆಯೇ ಎಂಬುದೆಲ್ಲ ಅದಕ್ಕೆ ಗೊತ್ತಿರುತ್ತದೆ. ಹೊರಗಿನಿಂದ ತಂದ ಯಾವ ಪೆಟ್ಟಿಗೆಯೂ ಇಷ್ಟು ಒಗ್ಗಿಕೊಳ್ಳುವುದಿಲ್ಲ.

ಹಂತ 3: ಟೈಮ್ ಡಿಲೇಯೋ, ಪ್ರಪೋರ್ಷನಲ್ಲೋ

ಹೆಚ್ಚು ಯೋಚಿಸಬೇಕಾದ ಜಾಗ ಇದು.

ಟೈಮ್ ಡಿಲೇ ಕಂಟ್ರೋಲರ್‌ಗೆ ಗೊತ್ತಿರುವುದು ಒಂದೇ ವಿಷಯ, ಬ್ರೇಕ್ ಲೈಟ್ ಹತ್ತಿದೆಯೋ ಇಲ್ಲವೋ. ಹತ್ತಿದ ತಕ್ಷಣ ಸೊನ್ನೆಯಿಂದ ಶುರು ಮಾಡಿ ನೀವು ಇಟ್ಟ ಮಟ್ಟದವರೆಗೆ ಕರೆಂಟ್ ಏರಿಸುತ್ತಾ ಹೋಗುತ್ತದೆ. ಸಿಗ್ನಲ್ ಹತ್ತಿರ ಮೆಲ್ಲಗೆ ಪೆಡಲ್ ಮುಟ್ಟಿದರೂ ಅಷ್ಟೇ, ಜಿಂಕೆ ಅಡ್ಡ ಬಂದು ಪೂರ್ತಿ ತುಳಿದರೂ ಅಷ್ಟೇ. ಮೊದಲನೆಯದರಲ್ಲಿ ಟ್ರೇಲರ್ ಅತಿಯಾಗಿ ಹಿಡಿದು ಜಗ್ಗುತ್ತದೆ. ಎರಡನೆಯದರಲ್ಲಿ ಬೇಕಾದ ಕ್ಷಣಕ್ಕೆ ಸಾಕಷ್ಟು ಹಿಡಿಯುವುದಿಲ್ಲ. ಬೆಲೆ ಕಡಿಮೆ, ಸುಮಾರು 50ರಿಂದ 80 ಡಾಲರ್. ಕೂರಿಸುವುದೂ ಸುಲಭ, ಯಾವ ಕೋನದಲ್ಲಿ ಬೇಕಾದರೂ ಇಡಬಹುದು. ಬರೀ ಸಮತಟ್ಟು ರಸ್ತೆಯಲ್ಲಿ, ವರ್ಷಕ್ಕೆ ಒಂದೆರಡು ಸಲ, ಹಗುರವಾದ ಟ್ರೇಲರ್ ಎಳೆಯುವವರಿಗೆ ಇದು ನಡೆಯುತ್ತದೆ.

ಪ್ರಪೋರ್ಷನಲ್ ಕಂಟ್ರೋಲರ್ ಒಳಗೆ ವೇಗ ಇಳಿಯುವುದನ್ನು ಅಳೆಯುವ ಸೆನ್ಸರ್ ಇರುತ್ತದೆ. ಕಾರು ಎಷ್ಟು ಜೋರಾಗಿ ನಿಲ್ಲುತ್ತಿದೆಯೋ ಅಷ್ಟೇ ಜೋರಾಗಿ ಟ್ರೇಲರ್ ಬ್ರೇಕ್ ಹಾಕುತ್ತದೆ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ತುಳಿದರೆ ಜೋರು. ಹಿಂದೆ ಟ್ರೇಲರ್ ಇರುವುದೇ ಮರೆಯುವಷ್ಟು ಸಲೀಸು. ಬೆಲೆ ಹೆಚ್ಚುಕಡಿಮೆ 100ರಿಂದ 200 ಡಾಲರ್. ಟೆಕಾನ್ಷಾದ ಪ್ರೈಮಸ್ ಐಕ್ಯೂ, ಪ್ರಾಡಿಜಿ ಪಿ2, ಪಿ3, ಕರ್ಟ್‌ನ ಟ್ರೈಫ್ಲೆಕ್ಸ್ ಈ ಗುಂಪಿನವು.

ಬೆಟ್ಟ ಹತ್ತಿ ಇಳಿಯುವವರು ಪ್ರಪೋರ್ಷನಲ್ ಬಿಟ್ಟು ಬೇರೆ ನೋಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಲಾಸ್ ಏಂಜಲಿಸ್‌ನಿಂದ ಬೇ ಏರಿಯಾಗೆ ಬರುವಾಗ ಐ-5 ಹೆದ್ದಾರಿಯ ಗ್ರೇಪ್‌ವೈನ್ ಇಳಿಜಾರು ಇದೆಯಲ್ಲ, ಐದು ಮೈಲಿ ಉದ್ದಕ್ಕೂ 6 ಶೇಕಡಾ. ಮುಂದೆ ಲಾರಿಗಳು, ಪಕ್ಕದಲ್ಲಿ ಲಾರಿಗಳು. ಪದೇ ಪದೇ ಸ್ವಲ್ಪ ಸ್ವಲ್ಪ ಬ್ರೇಕ್ ಮುಟ್ಟುತ್ತಲೇ ಇರಬೇಕು. ಮುಟ್ಟಿದಾಗಲೆಲ್ಲ ಟ್ರೇಲರ್ ಒಂದೇ ಥರ ಹಿಡಿದರೆ ಡ್ರಮ್ ಕಾದು ಹಿಡಿತವೇ ಕಡಿಮೆಯಾಗುತ್ತದೆ. ನೂರು ಡಾಲರ್ ಉಳಿಸುವ ಜಾಗ ಇದಲ್ಲ.

ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರು ಇರುವವರಿಗೆ ಇನ್ನೊಂದು ಕಾರಣವೂ ಇದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟರೇ ವೇಗ ಇಳಿಸುತ್ತದೆ, ಪೆಡಲ್ ಒತ್ತದಿದ್ದರೂ ಬ್ರೇಕ್ ಲೈಟ್ ಹತ್ತಬಹುದು. ಲೈಟನ್ನೇ ನಂಬಿದ ಟೈಮ್ ಡಿಲೇ ಪೆಟ್ಟಿಗೆ ಆಗ ಪೂರ್ತಿ ಮಟ್ಟಕ್ಕೆ ಏರಿಬಿಡುತ್ತದೆ. ಪ್ರಪೋರ್ಷನಲ್ ಆದರೆ ನಿಜವಾಗಿ ಎಷ್ಟು ವೇಗ ಇಳಿಯುತ್ತಿದೆ ಎಂದು ನೋಡಿ ಅಷ್ಟಕ್ಕೇ ನಿಲ್ಲುತ್ತದೆ.

ವೈರ್‌ಲೆಸ್ ತೊಗೊಳ್ಳಬಹುದಾ?

ಕರ್ಟ್ ಎಕೋ ಥರದ್ದನ್ನು ಬಂಪರ್‌ನ ಏಳು ಪಿನ್ ಸಾಕೆಟ್‌ಗೆ ಚುಚ್ಚಿ, ಅದಕ್ಕೆ ಟ್ರೇಲರ್ ಪ್ಲಗ್ ಹಾಕಿದರೆ ಆಯಿತು. ಸೆಟ್ಟಿಂಗ್ ಎಲ್ಲ ಫೋನ್‌ನಲ್ಲಿ, ಬ್ಲೂಟೂತ್ ಮೂಲಕ. ಡ್ಯಾಶ್‌ಬೋರ್ಡ್ ಮುಟ್ಟುವ ಹಾಗಿಲ್ಲದ ಲೀಸ್ ಕಾರಿಗೆ, ಬಾಡಿಗೆ ಟ್ರೇಲರ್ ಎಳೆಯುವವರಿಗೆ, ಮನೆಯಲ್ಲಿರುವ ಎರಡು ಕಾರಿಗೂ ಒಂದೇ ಸಾಕು ಎನ್ನುವವರಿಗೆ ಇದು ತುಂಬ ಅನುಕೂಲ. ಒಂದು ಮತ್ತು ಎರಡು ಆಕ್ಸಲ್ ಟ್ರೇಲರ್‌ಗೆ ಮಾತ್ರ. ಸಾಕೆಟ್‌ನ ಕಪ್ಪು ಪಿನ್‌ನಲ್ಲಿ ಪವರ್ ಇಲ್ಲದಿದ್ದರೆ ಇದು ಏಳುವುದೇ ಇಲ್ಲ, ಅದಕ್ಕೇ ಹಿಂದಿನ ಹಂತದ ಪರೀಕ್ಷೆ.

ನನಗೆ ಇದರಲ್ಲಿ ಕೊರತೆ ಕಾಣುವುದು ಪೆಡಲ್ ಮುಟ್ಟದೆ ಟ್ರೇಲರ್ ಬ್ರೇಕ್ ಒಂದನ್ನೇ ಕೈಯಿಂದ ಹಾಕುವ ವಿಷಯದಲ್ಲಿ. ಟ್ರೇಲರ್ ತೂಗಾಡಲು ಶುರುವಾದ ಆ ಕ್ಷಣದಲ್ಲಿ ಫೋನ್ ಪರದೆ ಮೇಲೆ ಗುಂಡಿ ಹುಡುಕುವುದು ಆಗದ ಮಾತು. ಈ ಬಗೆಯದ್ದನ್ನೇ ಆರಿಸಿದರೆ ಇದಕ್ಕೆ ಬೇರೆ ಗುಂಡಿ ಸಿಗುತ್ತದೆಯೇ ಎಂದು ಕೇಳಿ, ಸಿಕ್ಕರೆ ಅದನ್ನೂ ಜೊತೆಗೇ ಕೊಳ್ಳಿ.

ಹಂತ 4: ಲಿವರ್ ಕೈಗೆ ಸಿಗುವ ಜಾಗ

ಪೆಡಲ್ ಮುಟ್ಟದೆ ಟ್ರೇಲರ್ ಬ್ರೇಕ್ ಒಂದನ್ನೇ ಹಾಕಲು ಪ್ರತಿ ಒಳ್ಳೆಯ ಕಂಟ್ರೋಲರ್‌ನಲ್ಲೂ ಒಂದು ಲಿವರೋ ಗುಂಡಿಯೋ ಇರುತ್ತದೆ. ಪಕ್ಕದಿಂದ ದೊಡ್ಡ ಲಾರಿ ದಾಟಿದಾಗ, ಗಾಳಿ ಬೀಸಿದಾಗ ಟ್ರೇಲರ್ ಎಡಕ್ಕೂ ಬಲಕ್ಕೂ ತೂಗಾಡಬಹುದು. ಆಗ ಕಾರಿನ ಬ್ರೇಕ್ ತುಳಿದರೆ ಪರಿಸ್ಥಿತಿ ಕೆಡುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ಲಿವರ್ ಮೆಲ್ಲಗೆ ಸರಿಸಬೇಕು. ಟ್ರೇಲರ್ ಹಿಂದಕ್ಕೆ ಜಗ್ಗಿದಂತಾಗಿ ಸಾಲಿಗೆ ಬರುತ್ತದೆ.

ಹಾಗಾಗಿ ಕಾರಿನಲ್ಲಿ ಕೂತು, ಸೀಟ್ ಬೆಲ್ಟ್ ಹಾಕಿ, ರಸ್ತೆಯಿಂದ ಕಣ್ಣು ತೆಗೆಯದೆ ಕೈ ಚಾಚಿ ನೋಡಿ. ಕೈ ಎಲ್ಲಿಗೆ ಹೋಗುತ್ತದೋ ಅಲ್ಲೇ ಲಿವರ್ ಇರಬೇಕು. ಇಬ್ಬರು ಓಡಿಸುವ ಮನೆಯಾದರೆ ಇಬ್ಬರೂ ಕೂತು ನೋಡಿ. ಮೊಣಕಾಲಿಗೆ ತಗುಲಬಾರದು. ಈಗಿನ ಎಷ್ಟೋ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ ಮೊಣಕಾಲಿನ ಏರ್‌ಬ್ಯಾಗ್ ಇರುತ್ತದೆ, ಆ ಫಲಕಕ್ಕೆ ಸ್ಕ್ರೂ ಹೊಡೆಯಲೇಬಾರದು.

ಪ್ರಪೋರ್ಷನಲ್ ಪೆಟ್ಟಿಗೆಯನ್ನು ಕಾರು ಸಾಗುವ ದಿಕ್ಕಿಗೆ ನೇರವಾಗಿ ಕೂರಿಸಬೇಕು, ಪಕ್ಕಕ್ಕೆ ಓರೆಯಾದರೆ ಸೆನ್ಸರ್ ತಪ್ಪು ಲೆಕ್ಕ ಹಾಕುತ್ತದೆ. ಮೇಲೆ ಕೆಳಗೆ ಎಷ್ಟು ವಾಲಬಹುದು ಎಂಬುದು ಮಾಡೆಲ್‌ಗೆ ತಕ್ಕಂತೆ ಬೇರೆ. ಜಾಗವೇ ಇಲ್ಲದ ಡ್ಯಾಶ್‌ಬೋರ್ಡ್‌ಗೆ ಅಡಿಲೇಡ್‌ನ ರೆಡಾರ್ಕ್ ಕಂಪನಿಯ ಟೋ-ಪ್ರೋ ಎಲೀಟ್ ಒಳ್ಳೆಯ ದಾರಿ. ಪೆಟ್ಟಿಗೆ ಒಳಗೆಲ್ಲೋ ಅಡಗಿರುತ್ತದೆ, ಹೊರಗೆ ಕಾಣುವುದು ಒಂದು ನಾಬ್ ಮಾತ್ರ. ಆಸ್ಟ್ರೇಲಿಯಾದಲ್ಲಿರುವವರಿಗಂತೂ ಇದು ಎಲ್ಲೆಡೆ ಸಿಗುತ್ತದೆ. ಒಂದೇ ಪೆಟ್ಟಿಗೆಯನ್ನು ಪ್ರಪೋರ್ಷನಲ್ ಆಗಿಯೂ ಬಳಸಬಹುದು, ಮಣ್ಣು ರಸ್ತೆಯಲ್ಲಿ ನಾವೇ ನಿಗದಿ ಮಾಡಿದ ಮಟ್ಟದಲ್ಲಿಯೂ ಬಳಸಬಹುದು.

ಹಂತ 5: ವೈರಿಂಗ್

ಹಾರ್ನೆಸ್ ಸಿಗುವ ಕಾರಾದರೆ ಈ ಹಂತ ಅರ್ಧ ಗಂಟೆಯ ಕೆಲಸ. ಸಿಗದಿದ್ದರೆ ನಾಲ್ಕು ವೈರ್: ಕಪ್ಪು ಬ್ಯಾಟರಿಯ ಪ್ಲಸ್‌ಗೆ, ಬಿಳಿ ಮೈನಸ್‌ಗೆ, ಕೆಂಪು ಬ್ರೇಕ್ ಲೈಟ್ ಸ್ವಿಚ್‌ಗೆ, ನೀಲಿ ಹಿಂದಿನ ಸಾಕೆಟ್‌ಗೆ. ಕಪ್ಪು ಬಿಳಿ ಅದಲುಬದಲಾದರೆ ಕಂಟ್ರೋಲರ್ ಸುಟ್ಟೇ ಹೋಗಬಹುದು. ಕೆಂಪು ವೈರ್ ಸೇರಬೇಕಾದ್ದು ಪೆಡಲ್ ಒತ್ತಿದಾಗ ಮಾತ್ರ ಕರೆಂಟ್ ಬರುವ ಬದಿಗೆ.

ಬ್ಯಾಟರಿ ಹತ್ತಿರ ಸಾಮಾನ್ಯ ಫ್ಯೂಸ್ ಬದಲು ತಾನಾಗಿ ಮತ್ತೆ ಆನ್ ಆಗುವ ಸರ್ಕ್ಯೂಟ್ ಬ್ರೇಕರ್ ಹಾಕಿ. ಫ್ಯೂಸ್ ಒಮ್ಮೆ ಹೋದರೆ ನೀವು ಬದಲಾಯಿಸುವವರೆಗೂ ಟ್ರೇಲರ್‌ಗೆ ಬ್ರೇಕ್ ಇಲ್ಲ. ಒಂದು, ಎರಡು ಆಕ್ಸಲ್‌ಗೆ 20 ಆಂಪಿಯರ್, ಅದಕ್ಕಿಂತ ಜಾಸ್ತಿಯಾದರೆ 30. ಸಣ್ಣ ವೈರ್ ಬೇಡ, 10 ಅಥವಾ 12 ಗೇಜ್ ಇರಲಿ. ಹೊಸ ಕಾರುಗಳ ವೈರಿಂಗ್‌ನಲ್ಲಿ ಎಲ್ಲವೂ ಕಂಪ್ಯೂಟರ್ ಮೂಲಕ ಹೋಗುತ್ತದೆ. ಅಂಥದ್ದರಲ್ಲಿ ಕೈ ಹಾಕುವ ಧೈರ್ಯ ಇಲ್ಲದಿದ್ದರೆ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಕೂರಿಸುವ ಅಂಗಡಿಗೆ ಕೊಡುವುದೇ ಜಾಣತನ.

ಹಂತ 6: ಸೆಟ್ ಮಾಡುವುದು

ಎಷ್ಟೇ ಒಳ್ಳೆಯ ಕಂಟ್ರೋಲರ್ ತಂದರೂ ಇದನ್ನು ಮಾಡದಿದ್ದರೆ ದುಡ್ಡು ದಂಡ.

ಮೊದಲು ನಿಂತಲ್ಲೇ ಪರೀಕ್ಷೆ. ಟ್ರೇಲರ್ ಪ್ಲಗ್ ಹಾಕಿದರೆ ಕಂಟ್ರೋಲರ್ ಅದನ್ನು ಗುರುತಿಸಬೇಕು. ಪ್ರಾಡಿಜಿ ಪಿ2ರಲ್ಲಿ 'ಸಿ' ಅಕ್ಷರ ಬಂದರೆ ಸಂಪರ್ಕ ಇದೆ, 'ಎನ್.ಸಿ.' ಮಿನುಗಿದರೆ ಇಲ್ಲ. ಆಮೇಲೆ ಒಬ್ಬರು ಲಿವರ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಟ್ರೇಲರ್ ಚಕ್ರದ ಪಕ್ಕ ಕೂತು ಡ್ರಮ್ ಹತ್ತಿರ ಒಂದು ದಿಕ್ಸೂಚಿ ಹಿಡಿಯಲಿ. ಕಬ್ಬಿಣದ ಹತ್ತಿರ ಮುಳ್ಳು ಮೊದಲೇ ಸ್ವಲ್ಪ ತಿರುಗಿರುತ್ತದೆ. ಲಿವರ್ ಒತ್ತಿದ ಕ್ಷಣ ಅದು ಮತ್ತೆ ಜಿಗಿಯಬೇಕು. ಜಿಗಿಯಿತೆಂದರೆ ಒಳಗಿನ ಅಯಸ್ಕಾಂತಕ್ಕೆ ಕರೆಂಟ್ ಬಂದಿದೆ. ಪ್ರತಿ ಚಕ್ರಕ್ಕೂ ಹೀಗೇ ನೋಡಿ. ನಾಲ್ಕರಲ್ಲಿ ಒಂದು ಸುಮ್ಮನಿದ್ದರೆ ಆ ಚಕ್ರದ ವೈರ್ ತುಂಡಾಗಿದೆಯೇ ಎಂದು ಮೊದಲು ಹುಡುಕಿ.

ನಿಂತಲ್ಲೇ ಪೆಡಲ್ ಒತ್ತಿದಾಗ ಪ್ರಪೋರ್ಷನಲ್ ಕಂಟ್ರೋಲರ್ ಸಣ್ಣ ಸಂಖ್ಯೆಯನ್ನಷ್ಟೇ ತೋರಿಸುತ್ತದೆ. ಕೆಟ್ಟಿದೆ ಎಂದು ಹಿಂತಿರುಗಿಸಬೇಡಿ. ಕಾರು ಓಡುತ್ತಿಲ್ಲ, ಹಾಗಾಗಿ ಇಳಿಯಲು ವೇಗವೇ ಇಲ್ಲ, ಅಷ್ಟೇ.

ಈಗ ರಸ್ತೆಗೆ. ಪ್ರವಾಸಕ್ಕೆ ಹೋಗುವಾಗ ಏನೇನು ತುಂಬುತ್ತೀರೋ ಅದನ್ನೆಲ್ಲ ತುಂಬಿ, ನೀರಿನ ಟ್ಯಾಂಕ್ ಸೇರಿಸಿ. ಖಾಲಿ ಟ್ರೇಲರ್‌ಗೆ ಮಾಡಿದ ಸೆಟ್ಟಿಂಗ್ ತುಂಬಿದ್ದಕ್ಕೆ ಸಾಲುವುದಿಲ್ಲ. ಒಣಗಿದ, ಸಮತಟ್ಟಾದ, ಜನ ಓಡಾಡದ ಜಾಗ ಆರಿಸಿ. ಮೊದಲು ಲಿವರನ್ನು ತುಸುವೇ ಒತ್ತಿಕೊಂಡು ಸುಮಾರು 45 ಮೈಲಿ ವೇಗದಲ್ಲಿ ಕಾಲು ಮೈಲಿ ಓಡಿಸಿ ಬ್ರೇಕ್ ಬೆಚ್ಚಗೆ ಮಾಡಿ. ತಣ್ಣಗಿರುವ ಬ್ರೇಕಿನ ಹಿಡಿತವೇ ಬೇರೆ.

ಆಮೇಲೆ 25 ಮೈಲಿ ವೇಗದಲ್ಲಿ ನೇರ ಹೋಗುತ್ತಾ, ಪೆಡಲ್ ಮುಟ್ಟದೆ, ಲಿವರ್ ಪೂರ್ತಿ ಒತ್ತಿ. ಟ್ರೇಲರ್ ಕಾರನ್ನು ಹಿಂದಕ್ಕೆ ಎಳೆದಂತೆ ಗಟ್ಟಿಯಾಗಿ ಅನಿಸಬೇಕು. ಏನೂ ಅನಿಸದಿದ್ದರೆ ಕಂಟ್ರೋಲರ್‌ನ ಪವರ್ ಸಂಖ್ಯೆ ಸ್ವಲ್ಪ ಏರಿಸಿ, ಸುತ್ತು ಹೊಡೆದು ಮತ್ತೆ ಒತ್ತಿ. ಒಂದು ಹಂತದಲ್ಲಿ ಚಕ್ರ ತಿರುಗುವುದು ನಿಂತು ಟೈರ್ ಕಿರ್ರನೆ ಉಜ್ಜುತ್ತದೆ. ಒಳಗೆ ಕೂತವರಿಗೆ ಇದು ಕೇಳದೇ ಹೋಗಬಹುದು. ಅದಕ್ಕೆ ದೂರದಲ್ಲಿ, ದಾರಿಯಿಂದ ಪಕ್ಕಕ್ಕೆ ಒಬ್ಬರು ನಿಂತು ಚಕ್ರವನ್ನೇ ನೋಡುತ್ತಿರಲಿ. ಉಜ್ಜಿದ ಕೂಡಲೇ ಒಂದು ಮೆಟ್ಟಿಲು ಇಳಿಸಿ. ಚಕ್ರ ಕಚ್ಚಿ ನಿಲ್ಲುವುದಕ್ಕಿಂತ ತುಸು ಕಡಿಮೆ, ಅದೇ ನಿಮ್ಮ ಸಂಖ್ಯೆ. ಪೂರ್ತಿ ಏರಿಸಿದರೂ ಚಕ್ರ ಕಚ್ಚದಿರಬಹುದು. ಭಾರದ ಟ್ರೇಲರ್‌ನಲ್ಲಿ ಹೀಗಾಗುವುದುಂಟು. ಹಳೇ ಟ್ರೇಲರ್ ಆದರೆ ಬ್ರೇಕ್ ಶೂ ಸಡಿಲಾಗಿದೆಯೇ ಎಂದೂ ನೋಡಿಸಿ.

ಹೊಚ್ಚ ಹೊಸ ಬ್ರೇಕ್ ಆದರೆ ಶೂ ಮತ್ತು ಡ್ರಮ್ ಒಂದಕ್ಕೊಂದು ಕೂರಲು ಸ್ವಲ್ಪ ಓಡಾಟ ಬೇಕು. ಮೊದಲ ಕೆಲವು ನೂರು ಮೈಲಿ ಆದಮೇಲೆ ಇದೇ ಪರೀಕ್ಷೆ ಇನ್ನೊಮ್ಮೆ ಮಾಡಿ, ಸಂಖ್ಯೆ ಬದಲಾಗಿರುತ್ತದೆ.

ಪವರ್ ಸರಿಯಾದ ಮೇಲೆ ಬೂಸ್ಟ್ ಅಥವಾ ಸೆನ್ಸಿಟಿವಿಟಿ ನೋಡಿ. ಪೆಡಲ್ ಮುಟ್ಟಿದ ಮೊದಲ ಕ್ಷಣ ಟ್ರೇಲರ್ ಎಷ್ಟು ಬೇಗ ಹಿಡಿಯಬೇಕು ಎಂಬುದು ಇದು. ಟ್ರೇಲರ್ ಕಾರಿಗಿಂತ ಹಗುರವಾದರೆ ಬೂಸ್ಟ್ ಬೇಡ. ಕಾರಿನಷ್ಟೇ ಅಥವಾ ಅದಕ್ಕಿಂತ ಭಾರವಾದರೆ ಒಂದು ಮಟ್ಟ ಏರಿಸಿ, ಹೇಗನಿಸುತ್ತದೆ ನೋಡಿ. ನಿಂತಾಗ ಹಿಂದಿನಿಂದ ದೂಡಿದಂತೆ ಅನಿಸಿದರೆ ಕಡಿಮೆಯಾಗಿದೆ, ಹಿಂದಕ್ಕೆ ಜಗ್ಗಿದಂತೆ ಅನಿಸಿದರೆ ಜಾಸ್ತಿಯಾಗಿದೆ.

ಈ ಸಂಖ್ಯೆ ಶಾಶ್ವತ ಅಲ್ಲ. ಮಳೆ ಬಂದರೆ ಒಂದೆರಡು ಮೆಟ್ಟಿಲು ಇಳಿಸಿ, ಒದ್ದೆ ರಸ್ತೆಯಲ್ಲಿ ಚಕ್ರ ಬೇಗ ಕಚ್ಚಿಕೊಳ್ಳುತ್ತದೆ. ಟ್ರೇಲರ್ ಖಾಲಿಯಾದರೂ ಇಳಿಸಿ. ಉದ್ದದ ಇಳಿಜಾರಿನಲ್ಲಿ ಮೊದಲೇ ಕೆಳಗಿನ ಗೇರಿಗೆ ಹಾಕಿ ಎಂಜಿನ್ ಹಿಡಿಯಲಿ, ಬ್ರೇಕನ್ನು ಉಳಿಸಿಕೊಳ್ಳಿ.

ಹೊರಡುವ ಮುಂಚೆ

ಕೊಂಡಿ ಕಳಚಿ ಟ್ರೇಲರ್ ಬೇರೆಯಾದರೆ ಅದನ್ನು ನಿಲ್ಲಿಸುವುದು ಕಂಟ್ರೋಲರ್ ಅಲ್ಲ, ಟ್ರೇಲರ್ ಮೇಲಿರುವ ಬ್ಯಾಟರಿ ಮತ್ತು ಬ್ರೇಕ್‌ಅವೇ ಸ್ವಿಚ್. ಸಣ್ಣ ಕೇಬಲ್ ಒಂದು ಕಾರಿಗೆ ಕಟ್ಟಿರುತ್ತದೆ. ಅದು ಎಳೆದಾಗ ಪಿನ್ ಹೊರಬಂದು ಟ್ರೇಲರ್ ಬ್ರೇಕ್ ಪೂರ್ತಿ ಹಿಡಿಯುತ್ತದೆ. ಕೇಬಲನ್ನು ಸೇಫ್ಟಿ ಚೈನಿಗೆ ಕಟ್ಟಬೇಡಿ, ಕಾರಿನ ಹಿಚ್ ಚೌಕಟ್ಟಿಗೇ ಬೇರೆಯಾಗಿ ಸಿಕ್ಕಿಸಿ. ಪರೀಕ್ಷೆ ಮಾಡುವಾಗ ಏಳು ಪಿನ್ ಪ್ಲಗ್ ತೆಗೆದಿರಬೇಕು, ಇಲ್ಲದಿದ್ದರೆ ಟ್ರೇಲರ್ ಬ್ಯಾಟರಿಯ ಕರೆಂಟ್ ಹಿಂದಕ್ಕೆ ಹರಿದು ಕಂಟ್ರೋಲರ್ ಹಾಳಾಗಬಹುದು. ಪಿನ್ ಎಳೆದು, ಟ್ರೇಲರ್ ಕದಲದೆ ಹಿಡಿದು ನಿಲ್ಲುತ್ತದೆಯೇ ನೋಡಿ, ತಕ್ಷಣ ಪಿನ್ ವಾಪಸ್ ಹಾಕಿ. ಮರೆತರೆ ಬ್ಯಾಟರಿಯೂ ಇಳಿಯುತ್ತದೆ, ಅಯಸ್ಕಾಂತವೂ ಬಿಸಿಯಾಗುತ್ತದೆ.

ಆಮೇಲೆ ಪ್ಲಗ್ ಹಾಕಿ, ಮನೆ ಮುಂದಿನ ರಸ್ತೆಯಲ್ಲೇ ನಡೆಯುವ ವೇಗದಲ್ಲಿ ಲಿವರ್ ಒಮ್ಮೆ ಒತ್ತಿ ನೋಡಿ. ಟ್ರೇಲರ್ ಹಿಡಿದು ನಿಲ್ಲಿಸಿದರೆ ಹೊರಡಬಹುದು. ನಿಲ್ಲಿಸದಿದ್ದರೆ ಫ್ರೀವೇ ಹತ್ತಬೇಡಿ. ಮೊದಲು ಪ್ಲಗ್ ತೆಗೆದು ಪಿನ್‌ಗಳಿಗೆ ಹಿಡಿದ ಹಸಿರು ಕಿಲುಬು ಉಜ್ಜಿ ಮತ್ತೆ ಹಾಕಿ. ಟ್ರೇಲರ್ ಬ್ರೇಕ್ ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿತು ಎಂದು ಬರುವ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಅಲ್ಲೇ ಸಿಗುತ್ತದೆ.